ಸಮಾಜಕಾರ್ಯದ ಓದು ಮತ್ತು ನಮ್ಮ ಊರು

(ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಪದವಿ ಮುಗಿಸಿದ ನಮ್ಮ ಭಾಗದ ಕೆಲವರು ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂ.ಎಸ್.ಡಬ್ಲ್ಯು. ಮಾಡಲು ಬಯಸಿದ್ದಾರೆ. ‘ಊರಿಗೆ ಉಪಕಾರ ಮಾಡಲಿಕ್ಕೂ ಪದವಿ ಬೇಕೇ?’ ಎಂಬುದು ಹಿರಿಯರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ನನ್ನದೇ ಒಂದು ಸೋಲಿನಿಂದ ಉತ್ತರವನ್ನು ಆರಂಭಿಸುತ್ತೇನೆ.

ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮುನ್ನ ಒಮ್ಮೆ, 40-45 ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸಬೇಕೆಂದು ವರ್ಷಗಟ್ಟಲೆ ಹೇಳುತ್ತ ಬಂದೆ. ಎಲ್ಲರೂ ತಲೆಯಾಡಿಸಿದರು, ಎರಡನೆಯ ಸಿಂಪಡಣೆ ಮಾತ್ರ ಅನೇಕ ತೋಟಗಳಲ್ಲಿ ನಡೆಯಲಿಲ್ಲ. ರೈತರ ಅಲಕ್ಷ್ಯವೆಂದು ಬರೆದುಕೊಂಡೆ. ಒಮ್ಮೆ ಒಂದು ಮನೆಯ ಜಗಲಿಯಲ್ಲಿ ಕುಳಿತಾಗ ಆ ಮನೆಯ ಅಮ್ಮ ಹೇಳಿದರು: ಮಳೆ ಬಿಡುವು ಕೊಡುವುದು ಎರಡು ದಿನ, ಮರ ಹತ್ತುವವರು ಊರಿಗೆಲ್ಲ ಇಬ್ಬರು, ಸಣ್ಣ ತೋಟದ ಸರದಿ ಬರುವಷ್ಟರಲ್ಲಿ ಮಳೆ ಮತ್ತೆ ಹಿಡಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ರೋಗಾಣುವನ್ನು ಕಂಡಿದ್ದ ನನಗೆ ಆ ಸರದಿ ಕಂಡಿರಲಿಲ್ಲ. ಕೇಳಿಸಿಕೊಳ್ಳುವುದನ್ನು ನನ್ನ ಡಾಕ್ಟರೇಟ್ ಕಲಿಸಿರಲಿಲ್ಲ.

ಅದನ್ನು ಕ್ರಮವಾಗಿ ಕಲಿಸುವ ವಿದ್ಯೆಯೇ ಸಮಾಜಕಾರ್ಯ. ನಮ್ಮ ದೇಶದಲ್ಲಿ ಇದರ ಮೊದಲ ಶಾಲೆ 1936ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಇಂದು ಅದು ಟಾಟಾ ಸಮಾಜವಿಜ್ಞಾನ ಸಂಸ್ಥೆ. ಮಂಗಳೂರಿನ ರೋಶನಿ ನಿಲಯ ಆರಂಭವಾದದ್ದು 1960ರಲ್ಲಿ. ಎರಡು ವರ್ಷಗಳ ಈ ಶಿಕ್ಷಣದಲ್ಲಿ ವ್ಯಕ್ತಿ, ಗುಂಪು ಮತ್ತು ಸಮುದಾಯದೊಡನೆ ಕೆಲಸ ಮಾಡುವ ವಿಧಾನಗಳಿವೆ. ತರಗತಿಯಷ್ಟೇ ಮಹತ್ವ ಕ್ಷೇತ್ರಕಾರ್ಯಕ್ಕೂ ಇದೆ.

ನಮಗೆ ಇದರ ಅಗತ್ಯವೆಲ್ಲಿ? 2006ರ ಅರಣ್ಯ ಹಕ್ಕು ಕಾಯ್ದೆಯನ್ನೇ ನೋಡಿ. ಇತರ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಕಾಗದವಿಲ್ಲದ ಬಡವರು ಎಲ್ಲಿಗೆ ಹೋಗಬೇಕು? ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಒಂದು ಸಾಕ್ಷ್ಯವೆಂದು ನಿಯಮಗಳು ಒಪ್ಪುತ್ತವೆ; ಆದರೆ ಜೊತೆಗೆ ಇನ್ನೊಂದು ಬಗೆಯ ಸಾಕ್ಷ್ಯವೂ ಬೇಕು. ಅರ್ಜಿ ತಿರಸ್ಕೃತವಾದರೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅಜ್ಜಿಯ ಪಕ್ಕದಲ್ಲಿ ಕುಳಿತು ನೆನಪನ್ನು ದಾಖಲಿಸುವ, ಗ್ರಾಮಸಭೆಯಲ್ಲಿ ಮಾತನಾಡದವರನ್ನು ಮಾತನಾಡಿಸುವ, ಗಡುವನ್ನು ನೆನಪಿಡುವ ಒಬ್ಬರು ಊರಿಗೆ ಬೇಕು. ಅವರಿಲ್ಲದೆ ಹೋದರೆ ಕಾನೂನು ಕೊಟ್ಟ ಹಕ್ಕೂ ಕೈತಪ್ಪುತ್ತದೆ.

ಒಂದು ಎಚ್ಚರಿಕೆ. ನೆರೆಮನೆಯವರನ್ನು ‘ಫಲಾನುಭವಿ’ ಎಂದು ಕರೆಯುವ ಭಾಷೆಯೂ ಇದೇ ಪದವಿಯೊಂದಿಗೆ ಬರಬಹುದು. ಅದನ್ನು ಅಲ್ಲಿಯೇ ಬಿಟ್ಟುಬನ್ನಿ. ಸಂಬಳವೂ ಎಲ್ಲೆಡೆ ದೊಡ್ಡದಲ್ಲ. ಈ ಮಾತನ್ನು ಮನೆಯವರಿಂದ ಮುಚ್ಚಿಡಬೇಡಿ. ಸೇರುವ ಮುನ್ನ ಕ್ಷೇತ್ರಕಾರ್ಯಕ್ಕೆ ಎಲ್ಲಿಗೆ ಕಳುಹಿಸುತ್ತಾರೆಂದು ವಿಚಾರಿಸಿ. ಸಂಶೋಧನಾ ಪ್ರಬಂಧಕ್ಕೆ ಸಾಧ್ಯವಾದರೆ ನಮ್ಮದೇ ಹಳ್ಳಿಯ ಪ್ರಶ್ನೆಯೊಂದನ್ನು ಆರಿಸಿಕೊಳ್ಳಿ. ಅದರ ಒಂದು ಪ್ರತಿಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಿರಿ.

ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಮಕ್ಕಳನ್ನು ಕಳುಹಿಸಿಕೊಡಿ. ಮರಳಿ ಬಂದವರಿಗೆ ಜಗಲಿಯಲ್ಲಿ ಜಾಗ ಕೊಡಿ.