ಪಹಣಿ ಮತ್ತು ಮತಪತ್ರ



ಸಾಗರದ ಮತದಾರ ಯಾವ ಕಡೆ ವಾಲುತ್ತಾನೆ ಎಂದು ಕೇಳಿದರೆ ಪೇಟೆಯ ಹೋಟೆಲುಗಳಲ್ಲಿ ಜಾತಿಯ ಲೆಕ್ಕವೇ ಉತ್ತರವಾಗಿ ಬರುತ್ತದೆ. ಅದು ಸುಳ್ಳಲ್ಲ, ಆದರೆ ನಾನು ಮೊದಲು ನೋಡುವುದು ಪಹಣಿಯನ್ನು.

1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಮರುವರ್ಷವೇ ಸಾಗರ–ಹೊಸನಗರ ಕ್ಷೇತ್ರವು ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿತು. 1974ರ ಭೂಸುಧಾರಣೆಯಿಂದ ಬಹುಪಾಲು ಗೇಣಿದಾರರು ಒಡೆಯರಾದರು. ಒಡೆಯನಾದವನ ಚಿಂತೆಯೂ ಬದಲಾಯಿತು: ಅಡಿಕೆಯ ಧಾರಣೆ, ಕೊಳೆರೋಗ, ಮಕ್ಕಳ ನೌಕರಿ. 2004 ಮತ್ತು 2008ರಲ್ಲಿ ಇಲ್ಲಿ ಭಾಜಪ ಗೆದ್ದಿತು, 2013ರಲ್ಲಿ ಕಾಂಗ್ರೆಸ್, 2018ರಲ್ಲಿ ಮತ್ತೆ ಭಾಜಪ, 2023ರಲ್ಲಿ ಕಾಂಗ್ರೆಸ್. (2004, 2008, 2023ರಲ್ಲಿ ಗೆದ್ದ ಅಭ್ಯರ್ಥಿ ಒಬ್ಬರೇ ಎಂಬುದು ಬೇರೆ ಮಾತು!)

ಪಹಣಿ ಇಲ್ಲದವನ ಕಥೆಯೇ ಬೇರೆ. ಲಿಂಗನಮಕ್ಕಿ ಜಲಾಶಯಕ್ಕಾಗಿ 1960ರ ದಶಕದಲ್ಲಿ ಎಬ್ಬಿಸಲ್ಪಟ್ಟ ಎಷ್ಟೋ ಕುಟುಂಬಗಳ ನೆಲ ದಾಖಲೆಯಲ್ಲಿ ಇನ್ನೂ ಅರಣ್ಯವೇ. 2006ರ ಅರಣ್ಯ ಹಕ್ಕು ಕಾಯ್ದೆಯು ಬುಡಕಟ್ಟಿನವರಲ್ಲದವರಿಂದ 75 ವರ್ಷಗಳ ವಾಸದ ಪುರಾವೆ ಕೇಳುತ್ತದೆ. ಮುಳುಗಿದ ಊರಿನಿಂದ ಬಂದವನು ಅದನ್ನು ಎಲ್ಲಿಂದ ತಂದಾನು? ಕಂದಾಯ ಭೂಮಿಯ ಸಾಗುವಳಿದಾರನ ಪಾಡೂ ಹೆಚ್ಚು ಭಿನ್ನವಲ್ಲ. ಬಗರ್‌ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು; ತನ್ನ ಅರ್ಜಿ ಯಾರ ಮುಂದಿದೆಯೋ ಅವರನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾರಿಗಿದೆ?

ಹೀಗಿರುವಾಗ 2013ರ ಕಸ್ತೂರಿರಂಗನ್ ವರದಿಯನ್ನು ಮಲೆನಾಡಿನಲ್ಲಿ ಎಲ್ಲ ಪಕ್ಷಗಳವರೂ ವಿರೋಧಿಸಿದ್ದು ಸೋಜಿಗವಲ್ಲ. ಸೊಪ್ಪಿನ ಬೆಟ್ಟವಿಲ್ಲದೆ ತೋಟವಿಲ್ಲವೆಂದು ನಮ್ಮ ರೈತನಿಗೆ ನಾನು ಕಲಿಸಬೇಕಾಗಿಲ್ಲ. ಆದರೂ ಕಾಡು ಉಳಿಸುವ ಕರಪತ್ರ ಹಿಡಿದು ಹೋದಾಗ ಮುಳುಗಡೆಯ ಕೇರಿಯ ಹಿರಿಯರೊಬ್ಬರು ಅದನ್ನು ತಿರುವಿ ನೋಡಿ, “ನಮ್ಮ ಹಕ್ಕುಪತ್ರದ ಮಾತು ಇದರಲ್ಲಿ ಎಲ್ಲಿದೆ, ಡಾಕ್ಟ್ರೇ?” ಎಂದರು. ಅದರಲ್ಲಿ ಒಂದು ಸಾಲೂ ಇರಲಿಲ್ಲ.