ಹಳಿಯ ಮೇಲೊಂದು ದಿನ: ಮಕ್ಕಳೊಡನೆ ಮಲೆನಾಡಿನ ರೈಲು ಪ್ರಯಾಣ

(ಉಪನ್ಯಾಸದ ಪಠ್ಯ)



ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ರಜೆಯ ದಿನ ಎಲ್ಲಾದರೂ ಹೋಗಿಬರೋಣವೆಂಬ ಮಾತು ಎದ್ದಕೂಡಲೇ ಮೊದಲು ಬರುವ ಪ್ರಶ್ನೆ ವಾಹನದ್ದು. ಕಾರಿದ್ದವರು ಕಾರು ತೆಗೆಯುತ್ತಾರೆ, ಇಲ್ಲದವರು ಬಾಡಿಗೆಗೆ ಹಿಡಿಯುತ್ತಾರೆ. ಹಿಂದಿನ ಆಸನದಲ್ಲಿ ಕುಳಿತ ಮಕ್ಕಳು ಎರಡು ತಿರುವು ದಾಟುವುದರೊಳಗೆ ವಾಂತಿ ಮಾಡಿಕೊಳ್ಳುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಮುಳುಗಿಹೋಗುತ್ತಾರೆ. ಜೋಗದಲ್ಲಿ ಇಳಿದು, ಚಿತ್ರ ತೆಗೆದು, ತಿಂಡಿ ತಿಂದು, ಕತ್ತಲಾಗುವ ಮೊದಲು ಮನೆ ಸೇರಿದರೆ ಪ್ರವಾಸ ಮುಗಿಯಿತು. ನಡುವಿನ ದಾರಿ ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ.

ಇದೇ ಸೀಮೆಯ ಮಧ್ಯದಲ್ಲಿ ಒಂದು ರೈಲುಹಳಿ ಇದೆ. ಶಿವಮೊಗ್ಗದಿಂದ ತಾಳಗುಪ್ಪದವರೆಗೆ ಸುಮಾರು 97 ಕಿಲೋಮೀಟರ್ ಉದ್ದಕ್ಕೆ, ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ಹಾದು ಅದು ಸಾಗುತ್ತದೆ. ದೂರದ ಬೆಂಗಳೂರು, ಮೈಸೂರುಗಳಿಗೆ ಹೋಗುವವರು ಅದನ್ನು ಬಳಸುತ್ತಾರೆ. ಆದರೆ ಇಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ಎಷ್ಟೋ ಮಕ್ಕಳು ಆ ಹಳಿಯ ಮೇಲೆ ಒಂದು ನಿಲ್ದಾಣದಿಂದ ಮುಂದಿನ ನಿಲ್ದಾಣಕ್ಕೂ ಪ್ರಯಾಣ ಮಾಡಿಲ್ಲ. ಮಕ್ಕಳೊಡನೆ ಒಂದು ದಿನದ ರೈಲು ಪ್ರಯಾಣವನ್ನು ಹೇಗೆ ಯೋಜಿಸಬಹುದು, ಪರಿಸರದ ಕಾಳಜಿಗೂ ಇದಕ್ಕೂ ಏನು ಸಂಬಂಧ ಎಂಬುದು ಈ ಮಾತಿನ ವಿಷಯ.

ಹಳಿಯ ಹಿನ್ನೆಲೆ

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಮೈಸೂರು ಸಂಸ್ಥಾನದ ಕಾಲದಲ್ಲಿ, 1930ರ ದಶಕದಲ್ಲಿ, ಹಂತಹಂತವಾಗಿ ಹಳಿ ಹಾಕಲಾಯಿತು. 1940ರ ಹೊತ್ತಿಗೆ ತಾಳಗುಪ್ಪ ಕೊನೆಯ ನಿಲ್ದಾಣವಾಗಿತ್ತು. ಅದು ಮೀಟರ್ ಗೇಜ್ ಹಳಿ. ಅದರ ಕೊನೆಯ ವರ್ಷಗಳಲ್ಲಿ ಬಸ್ಸಿನಂತಹ ಒಂದೇ ಬೋಗಿಯ ರೈಲ್‌ಬಸ್ ಓಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆಮೇಲೆ ಹಳಿಯನ್ನು ಬ್ರಾಡ್ ಗೇಜ್‌ಗೆ ಪರಿವರ್ತಿಸಲಾಯಿತು. 2011ರ ಹೊತ್ತಿಗೆ ತಾಳಗುಪ್ಪದವರೆಗೂ ದೊಡ್ಡ ಗಾಡಿಗಳು ಬಂದವು. ಈಗ ಈ ಮಾರ್ಗದಲ್ಲಿ ಓಡುವ ಗಾಡಿಗಳಲ್ಲಿ ಒಂದಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿ ಕುವೆಂಪು ಅವರ ಹೆಸರಿದೆ.

ತೀರ್ಥಹಳ್ಳಿ ಪಟ್ಟಣಕ್ಕೂ ಹೊಸನಗರ ಪಟ್ಟಣಕ್ಕೂ ರೈಲು ಇಲ್ಲ. ಘಟ್ಟವನ್ನು ಇಳಿಸಿ ಕರಾವಳಿಗೆ ಹಳಿ ಜೋಡಿಸಬೇಕೆಂಬ ಬೇಡಿಕೆ ಬಹಳ ಹಳೆಯದು. ಅದು ಎದ್ದಾಗಲೆಲ್ಲ ಪಶ್ಚಿಮ ಘಟ್ಟದ ದಟ್ಟ ಕಾಡಿನ ಪ್ರಶ್ನೆಯೂ ಎದ್ದಿದೆ. ಹೊಸ ಹಳಿಗಾಗಿ ಕಾಡು ಕಡಿಯಬಾರದೆನ್ನುವವರು ಈಗಾಗಲೇ ಇರುವ ಹಳಿಯನ್ನು ಚೆನ್ನಾಗಿ ಬಳಸಬೇಕಾಗುತ್ತದೆ. ಬಳಸದೆ ಬಿಟ್ಟರೆ ಸಣ್ಣ ನಿಲ್ದಾಣಗಳಲ್ಲಿ ಗಾಡಿ ನಿಲ್ಲಿಸುವ ಅಗತ್ಯವನ್ನೇ ಇಲಾಖೆ ಪ್ರಶ್ನಿಸುತ್ತದೆ. ಇತ್ತ ರಜೆಯ ದಿನಗಳಲ್ಲಿ ರಸ್ತೆಯ ಮೇಲೆ ಕಾರು ಹೆಚ್ಚಿದಷ್ಟೂ ರಸ್ತೆ ಅಗಲಿಸುವ ಮಾತು ಬರುತ್ತದೆ, ದಾರಿಬದಿಯ ಮರಗಳು ಉರುಳುತ್ತವೆ. ಒಂದು ಕುಟುಂಬದ ಒಂದು ದಿನದ ಆಯ್ಕೆ ಸಣ್ಣದಾಗಿ ಕಾಣಬಹುದು. ನಿಲ್ದಾಣದ ಟಿಕೆಟ್ ಲೆಕ್ಕದಲ್ಲಿಯೂ ರಸ್ತೆಯ ವಾಹನದ ಲೆಕ್ಕದಲ್ಲಿಯೂ ಅದು ಸೇರಿಯೇ ಸೇರುತ್ತದೆ.

ದಿನವನ್ನು ಹೊಂದಿಸುವ ಬಗೆ

ಇದು ಒಂಟಿ ಹಳಿಯ ಮಾರ್ಗ, ಗಾಡಿಗಳು ಬೆರಳೆಣಿಕೆಯಷ್ಟು. ಆದ್ದರಿಂದ ಯೋಜನೆಯನ್ನು ಮರಳಿ ಬರುವ ಗಾಡಿಯಿಂದ ಪ್ರಾರಂಭಿಸುವುದು ಲೇಸು. ಹೋಗುವ ಗಾಡಿ ತಪ್ಪಿದರೆ ಮನೆಗೆ ಹಿಂದಿರುಗಬಹುದು. ಬರುವ ಗಾಡಿ ತಪ್ಪಿದರೆ ನಿದ್ದೆಗಣ್ಣಿನ ಮಕ್ಕಳೊಡನೆ ಬಸ್ಸು ಹುಡುಕಬೇಕಾಗುತ್ತದೆ. ವೇಳಾಪಟ್ಟಿ ಬದಲಾಗುತ್ತಿರುವುದರಿಂದ ಹೊರಡುವ ಹಿಂದಿನ ದಿನ ನಿಲ್ದಾಣದಲ್ಲಾಗಲಿ, 139ಕ್ಕೆ ಕರೆ ಮಾಡಿಯಾಗಲಿ ಸಮಯವನ್ನು ಖಚಿತಪಡಿಸಿಕೊಳ್ಳಬೇಕು. ಎಲ್ಲ ಗಾಡಿಗಳೂ ಎಲ್ಲ ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ಮರೆಯಬಾರದು. ಮರಳುವ ದಾರಿಗೆ ಒಂದು ಬಸ್ಸಿನ ವೇಳೆಯನ್ನೂ ಗುರುತು ಹಾಕಿಕೊಂಡರೆ ಮನಸ್ಸಿಗೆ ನೆಮ್ಮದಿ.

ಟಿಕೆಟಿನ ನಿಯಮ ಸರಳವಾಗಿದೆ. ಐದು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಆಸನ ಕೇಳದಿದ್ದರೆ ಟಿಕೆಟ್ ಬೇಕಿಲ್ಲ. ಐದು ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ ಕಾಯ್ದಿರಿಸದ ಬೋಗಿಯಲ್ಲಿ ಅರ್ಧ ದರ. ಕಾಯ್ದಿರಿಸುವಾಗ ಅವರಿಗೂ ಪ್ರತ್ಯೇಕ ಆಸನ ಬೇಕೆಂದರೆ 2016ರಿಂದ ಪೂರ್ಣ ದರ ತೆರಬೇಕು. ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್‌ನಿಂದ 60 ದಿನಗಳಿಗೆ ಇಳಿಸಲಾಗಿದೆ. ಸಾಗರದಿಂದ ಶಿವಮೊಗ್ಗಕ್ಕೋ ಅರಸಾಳಿನಿಂದ ತಾಳಗುಪ್ಪಕ್ಕೋ ಹೋಗುವವರಿಗೆ ಕಾಯ್ದಿರಿಸದ ಟಿಕೆಟ್ ಸಾಕು. ದಸರಾ, ದೀಪಾವಳಿಗಳ ಆಚೀಚೆ ಬೆಂಗಳೂರಿನಿಂದ ಊರಿಗೆ ಬರುವವರ ದಟ್ಟಣೆ ಇರುವುದರಿಂದ ಚಿಕ್ಕ ಮಕ್ಕಳಿದ್ದವರು ಆ ದಿನಗಳನ್ನು ಬಿಡುವುದು ಒಳ್ಳೆಯದು.

ನಿಲ್ದಾಣಕ್ಕೆ ತಲಪುವುದೂ ಯೋಜನೆಯ ಭಾಗವೇ. ಹೊಸನಗರದವರು ರಿಪ್ಪನ್‌ಪೇಟೆಯ ದಾರಿಯಾಗಿ ಅರಸಾಳನ್ನು ಸೇರಬಹುದು. ತೀರ್ಥಹಳ್ಳಿಯವರು ಸುಮಾರು 60 ಕಿಲೋಮೀಟರ್ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ಗಾಡಿ ಹತ್ತಬೇಕು. 2023ರ ಜೂನ್‌ನಲ್ಲಿ ಪ್ರಾರಂಭವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ದರವಿಲ್ಲ. ಆದರೆ ಮಲೆನಾಡಿನ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳಾದುದರಿಂದ ಅಲ್ಲಿ ಆ ಸೌಲಭ್ಯ ದೊರೆಯದು.

ಮೂರು ದಿನಗಳು, ಮೂರು ವಯಸ್ಸುಗಳು

ಮೂರು ನಾಲ್ಕು ವರ್ಷದ ಮಗುವಿಗೆ ನೋಡುವ ಸ್ಥಳ ಮುಖ್ಯವಲ್ಲ, ಗಾಡಿಯೇ ಮುಖ್ಯ. ಅಂತಹ ಮಗುವಿರುವ ಮನೆಯವರು ಸಾಗರದಿಂದ ತಾಳಗುಪ್ಪದವರೆಗೆ ಹೋಗಿಬಂದರೂ ಸಾಕು. ಸಾಗರದ ನಿಲ್ದಾಣಕ್ಕೆ ರೈಲ್ವೆಯ ಹೆಸರು ಸಾಗರ ಜಂಬಗಾರು. ಹಳಿ ಮುಗಿಯುವ ಜಾಗವನ್ನು ಕಾಣುವುದು ಚಿಕ್ಕ ಮಗುವಿಗೆ ದೊಡ್ಡ ವಿಷಯ. 'ಇಲ್ಲಿಂದಾಚೆ ರೈಲು ಯಾಕೆ ಹೋಗುವುದಿಲ್ಲ?' ಎಂದು ಅದು ಕೇಳಿದರೆ ಘಟ್ಟದ ಕಥೆಯನ್ನು ಅಜ್ಜಿಯೋ ಅಜ್ಜನೋ ಹೇಳಬಹುದು.

ಏಳೆಂಟು ವರ್ಷದ ಮಕ್ಕಳಿಗೆ ಅರಸಾಳು ಹೇಳಿಮಾಡಿಸಿದ ಊರು. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಾಣಿಸಿಕೊಂಡದ್ದು ಈ ಅರಸಾಳು. ಮಾಲ್ಗುಡಿಯ ಬೀದಿ ಮನೆಗಳಿಗೆ ಆಶ್ರಯವಾದದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. ಹಳೆಯ ನಿಲ್ದಾಣದ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ತೆರೆಯಲಾಯಿತು. ಹೋಗುವ ವಾರದ ಮೊದಲು ಮನೆಯಲ್ಲಿ ಸ್ವಾಮಿಯ ಒಂದೆರಡು ಕಥೆಗಳನ್ನು ಓದಿ ಹೇಳಿದರೆ, ಮಕ್ಕಳು ಆ ಜಗಲಿಯನ್ನು ತಾವೇ ಗುರುತಿಸುತ್ತಾರೆ.

ಹತ್ತು ದಾಟಿದ ಮಕ್ಕಳೊಡನೆ ಸಾಗರದಲ್ಲಿಳಿದು ಕೆಳದಿ, ಇಕ್ಕೇರಿಗಳಿಗೆ ಹೋಗಬಹುದು. ಎರಡೂ ಪೇಟೆಯಿಂದ ಹತ್ತು ಕಿಲೋಮೀಟರಿನೊಳಗಿವೆ. ಕೆಳದಿಯ ರಾಮೇಶ್ವರ ದೇವಾಲಯ, ಅಲ್ಲಿಯ ವಸ್ತುಸಂಗ್ರಹಾಲಯದ ಹಸ್ತಪ್ರತಿಗಳು, ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ಕೆಲಸ, ಇವನ್ನೆಲ್ಲ ಅವಸರವಿಲ್ಲದೆ ನೋಡುವುದಕ್ಕೆ ಅರ್ಧ ದಿನ ಬೇಕು. 1949ರಲ್ಲಿ ನೀನಾಸಂ ಹುಟ್ಟಿದ ಹೆಗ್ಗೋಡು ಕೂಡ ಸಮೀಪವೇ. ಒಂದೇ ದಿನ ಎಲ್ಲವನ್ನೂ ತುರುಕಬಾರದು. ಎರಡು ಸ್ಥಳ, ಒಂದು ಊಟ, ಒಂದು ಗಂಟೆಯ ವಿಶ್ರಾಂತಿ. ಮಕ್ಕಳ ಶಕ್ತಿಗೆ ಇದೇ ಅಳತೆ.

ಜೋಗಕ್ಕೆ ಹೋಗುವವರಿಗೆ

ತಾಳಗುಪ್ಪದಿಂದ ಜೋಗ ಸುಮಾರು 15 ಕಿಲೋಮೀಟರ್. ರಾಜ, ರಾಣಿ, ರೋರರ್, ರಾಕೆಟ್‌ಗಳು 253 ಮೀಟರ್ ಆಳಕ್ಕೆ ಧುಮುಕುವುದನ್ನು ಮಳೆಗಾಲದ ಉತ್ತರಾರ್ಧದಲ್ಲಿ ನೋಡಬೇಕು. ಆಷಾಢದ ಮಂಜಿನಲ್ಲಿ ಶಬ್ದ ಮಾತ್ರ ಕೇಳಿ ಹಿಂದಿರುಗುವುದೂ ಉಂಟು. ಕಾಮಗಾರಿಗಾಗಿ 2025ರ ಆರಂಭದ ತಿಂಗಳುಗಳಲ್ಲಿ ಪ್ರವೇಶವನ್ನು ನಿರ್ಬಂಧಿಸಲಾಗಿತ್ತು. ಆದ್ದರಿಂದ ಹೊರಡುವ ಮೊದಲು ವಿಚಾರಿಸಬೇಕು.

ಬೇಸಿಗೆಯಲ್ಲಿ ಬಂಡೆ ಒಣಗಿರುವುದನ್ನು ಕಂಡ ಮಗು 'ನೀರು ಎಲ್ಲಿಗೆ ಹೋಯಿತು?' ಎಂದು ಕೇಳುವುದು ಸಹಜ. ಆ ಪ್ರಶ್ನೆಗೆ ಉತ್ತರಿಸುವುದೇ ಆ ದಿನದ ನಿಜವಾದ ಫಲ. ಶರಾವತಿಗೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದು 1948ರಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದು ಆ ಹಳೆಯ ಅಣೆಕಟ್ಟನ್ನೇ ಮುಳುಗಿಸಿತು. ಹಿನ್ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ನಾಡಿನ ಮನೆಗಳಿಗೆ ದೀಪ ಬಂದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಮನೆ, ಗದ್ದೆ, ತೋಟಗಳು ನೀರಿನಡಿ ಹೋದವು. ಎತ್ತಿ ತಂದು ಶಿವಮೊಗ್ಗದ ಕಾಡಂಚಿಗೆ ಬಿಟ್ಟ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಅವರ ಮೊಮ್ಮಕ್ಕಳ ಕಾಲಕ್ಕೂ ಪೂರ್ತಿ ಬಗೆಹರಿದಿಲ್ಲ. ಆ ಮೊಮ್ಮಕ್ಕಳೂ ಜೋಗ ನೋಡಲು ಬರುತ್ತಾರೆ. ಜಲಪಾತವನ್ನು ಮಾತ್ರ ತೋರಿಸಿ ಈ ಕಥೆಯನ್ನು ಮುಚ್ಚಿಡುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಕಿಟಕಿಯ ಪಾಠ

ಕುಂಸಿಯಿಂದಾಚೆ ಹಳಿ ಕಾಡಿನ ನಡುವೆ ಸಾಗುತ್ತದೆ. ಮತ್ತಿ, ಹೊನ್ನೆ, ನಂದಿ, ಬಿದಿರುಗಳಿರುವ ಬೆರಕೆ ಕಾಡು ಒಂದು ಕಡೆ. ಒಂದೇ ಎತ್ತರಕ್ಕೆ ಸಾಲಾಗಿ ನಿಂತ ಅಕೇಶಿಯಾ ನೆಡುತೋಪು ಇನ್ನೊಂದು ಕಡೆ. ಎರಡರ ವ್ಯತ್ಯಾಸವನ್ನು ಎಂಟು ವರ್ಷದ ಮಗು ಒಮ್ಮೆ ತೋರಿಸಿದರೆ ಮುಂದೆ ತಾನೇ ಹೇಳುತ್ತದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ನಲವತ್ತು ವರ್ಷಕ್ಕೆ ಕೊಟ್ಟ ನೆಡುತೋಪಿನ ಗುತ್ತಿಗೆ 2020ರಲ್ಲಿ ಮುಗಿದಾಗ, ಅದನ್ನು ಮುಂದುವರಿಸಬಾರದೆಂದು ಮಲೆನಾಡಿನ ಜನ ಹೋರಾಡಿದ್ದು ಯಾಕೆಂಬುದು ದೊಡ್ಡ ಭಾಷಣವಿಲ್ಲದೆ ಕಿಟಕಿಯಲ್ಲಿಯೇ ಅರ್ಥವಾಗುತ್ತದೆ. ಪ್ರತಿ ಮಗುವಿನ ಕೈಯಲ್ಲಿ ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್ ಇರಲಿ. ದಾಟಿದ ಹಳ್ಳಗಳೆಷ್ಟು, ಕೆರೆಗಳೆಷ್ಟು, ಯಾವ ಕೆರೆಯಲ್ಲಿ ನೀರಿದೆ ಎಂದು ಬರೆದುಕೊಳ್ಳಲಿ. ಮಳೆಗಾಲದಲ್ಲಿ ಬರೆದದ್ದನ್ನೂ ಬೇಸಿಗೆಯಲ್ಲಿ ಬರೆದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಲಿ.

ಬುತ್ತಿ, ಕಸ, ಎಚ್ಚರಿಕೆ

ಬುತ್ತಿ ಮನೆಯದೇ ಇರಲಿ. ಚಿತ್ರಾನ್ನ, ಮೊಸರನ್ನ, ಒಗ್ಗರಣೆ ಅವಲಕ್ಕಿ ಸ್ಟೀಲ್ ಡಬ್ಬಿಯಲ್ಲಿ. ಬಾಳೆ ಎಲೆಯ ತುಂಡು ಅಥವಾ ಅಡಿಕೆ ಹಾಳೆಯ ತಟ್ಟೆ. ಕುದಿಸಿ ಆರಿಸಿದ ನೀರು, ಒಂದು ಬಾಟಲಿ ಪುನರ್ಪುಳಿ ಶರಬತ್ತು. ಬಾಳೆಹಣ್ಣಿನ ಸಿಪ್ಪೆಯನ್ನೂ ಕಿಟಕಿಯಿಂದ ಎಸೆಯಕೂಡದು. ಹಳಿಬದಿಯ ತಿನಿಸಿಗೆ ಬರುವ ಮಂಗ, ದನಗಳು ಗಾಡಿಗೆ ಸಿಕ್ಕಿ ಸಾಯುತ್ತವೆ. ಖಾಲಿ ಬಟ್ಟೆಚೀಲವೊಂದನ್ನು ಕಸಕ್ಕಾಗಿಯೇ ಒಯ್ದು ಮನೆಗೆ ಮರಳಿ ತರುವುದು ಅಭ್ಯಾಸವಾಗಬೇಕು.

ಬಾಗಿಲ ಬಳಿ ಮಕ್ಕಳು ನಿಲ್ಲಬಾರದು. ಕಿಟಕಿಯಿಂದ ಕೈ, ತಲೆ ಹೊರಹಾಕಬಾರದು. ಗಾಡಿ ಪೂರ್ತಿ ನಿಂತ ಮೇಲೆಯೇ ಇಳಿಯಬೇಕು. ಮನೆಯ ದೂರವಾಣಿ ಸಂಖ್ಯೆ ಬರೆದ ಚೀಟಿ ಪ್ರತಿ ಮಗುವಿನ ಜೇಬಿನಲ್ಲಿರಲಿ. ಯಾವ ಮಗುವನ್ನು ಯಾರು ನೋಡಿಕೊಳ್ಳುವುದೆಂದು ಹೊರಡುವ ಮೊದಲೇ ಗೊತ್ತುಮಾಡಬೇಕು. 'ಎಲ್ಲರೂ ನೋಡಿಕೊಳ್ಳುತ್ತಾರೆ' ಎಂದರೆ ಯಾರೂ ನೋಡುವುದಿಲ್ಲ.

ಮಲೆನಾಡಿಗೆ ವಿಶೇಷವಾದ ಎಚ್ಚರಿಕೆ ಇನ್ನೊಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಹರಡುತ್ತದೆ. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಅದರ ಕಾಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆ ಪಟ್ಟ ಪಾಡು ಎಲ್ಲರಿಗೂ ಗೊತ್ತು. ಆ ತಿಂಗಳುಗಳಲ್ಲಿ ಮಕ್ಕಳನ್ನು ಕಾಡಿನೊಳಗೆ, ತರಗೆಲೆಯ ಮೇಲೆ ಆಡಲು ಬಿಡಬಾರದು. ಮಂಗ ಸತ್ತಿರುವ ಸುದ್ದಿ ಇದ್ದ ಕಡೆಗೆ ಹೋಗಲೇಬಾರದು. ಪ್ರವಾಸದ ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಿಳಿಸಬೇಕು. ನಿಲ್ದಾಣ, ದೇವಾಲಯ, ವಸ್ತುಸಂಗ್ರಹಾಲಯಗಳ ಪ್ರವಾಸ ಆ ಕಾಲಕ್ಕೆ ಹೊಂದುತ್ತದೆ.

ಮನೆಗೆ ಮರಳಿದ ಮೇಲೆ

ಪ್ರವಾಸ ಮುಗಿದ ಸಂಜೆ ಇನ್ನೊಂದು ಸಣ್ಣ ಕೆಲಸ ಉಳಿದಿರುತ್ತದೆ. ನಿಲ್ದಾಣದಲ್ಲಿ ಕುಡಿಯುವ ನೀರಿತ್ತೆ, ಶೌಚಾಲಯ ತೆರೆದಿತ್ತೆ, ಗಾಡಿ ಇಳಿದವರಿಗೆ ಬಸ್ಸು ದೊರೆಯಿತೆ, ಎಷ್ಟು ಹೊತ್ತು ಕಾಯಬೇಕಾಯಿತು, ಇವನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಇಪ್ಪತ್ತು ಕುಟುಂಬಗಳ ಹಾಳೆಗಳು ಸೇರಿದರೆ ಅದು ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಕೊಡಬಹುದಾದ, ಬಸ್ ಡಿಪೊ ಮತ್ತು ಖಾಸಗಿ ಬಸ್ ಮಾಲೀಕರ ಮುಂದಿಡಬಹುದಾದ ಮನವಿಯಾಗುತ್ತದೆ. ಗಾಡಿ ಬರುವ ವೇಳೆಗೆ ತಾಳಗುಪ್ಪದಲ್ಲಿ ಒಂದು ಬಸ್ಸು, ಅರಸಾಳಿನಲ್ಲಿ ಒಂದು ಬಸ್ಸು ನಿಂತಿರುವಂತಾದರೆ, ಎಷ್ಟೋ ಕಾರುಗಳು ಮನೆಯಲ್ಲಿಯೇ ಉಳಿಯುತ್ತವೆ. ಕೇಳುವವರು ಸ್ವತಃ ಪ್ರಯಾಣ ಮಾಡಿದವರಾಗಿದ್ದರೆ ಆ ಮಾತಿಗೆ ತೂಕವಿರುತ್ತದೆ.

ಬರುವ ರಜೆಯಲ್ಲಿ ಪ್ರತಿ ಕುಟುಂಬವೂ ಇಂತಹ ಒಂದು ದಿನವನ್ನು ಗೊತ್ತುಮಾಡಿಕೊಳ್ಳಲಿ. ಅಜ್ಜ ಅಜ್ಜಿಯರೂ ಜೊತೆಗಿರಲಿ. ರೈಲ್‌ಬಸ್ಸನ್ನು ಕಂಡವರು, ಮುಳುಗಿದ ಊರುಗಳ ಹೆಸರು ಬಲ್ಲವರು ಅವರೇ. ಮಕ್ಕಳು ಬರೆದ ಪುಸ್ತಕ, ಹಿರಿಯರು ಹೇಳಿದ ಹೆಸರುಗಳು, ದೊಡ್ಡವರು ತುಂಬಿದ ಹಾಳೆ, ಈ ಮೂರನ್ನೂ ಮುಂದಿನ ಸಭೆಗೆ ತಂದರೆ ಮಾತು ಅಲ್ಲಿಂದ ಮುಂದುವರಿಯಬಹುದು.