ಸೂರಿನ ಹೊಣೆ

(ಸೀವುಡ್ಸ್‌ನಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮುಂಬಯಿಯ ಕೊಲಾಬಾದಲ್ಲಿ ಅಫಘಾನ್ ಚರ್ಚೆಂದು ಹೆಸರಾದ ಕಟ್ಟಡವನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. 1838ರಿಂದ 1842ರವರೆಗೆ ನಡೆದ ಮೊದಲ ಅಫಘಾನ್ ಯುದ್ಧದಲ್ಲಿ ಮಡಿದವರ ಸ್ಮಾರಕವದು. 1858ರಲ್ಲಿ ಅದರ ಪ್ರತಿಷ್ಠಾಪನೆಯಾಯಿತು. 198 ಅಡಿ ಎತ್ತರದ ಮೊನಚು ಶಿಖರ 1865ರಲ್ಲಿ ಪೂರ್ಣಗೊಂಡಿತು. ವಿನ್ಯಾಸಕಾರ ಹೆನ್ರಿ ಕಾನಿಬೇರ್, ಮುಂಬಯಿಗೆ ವಿಹಾರ್ ಕೆರೆಯ ನೀರು ತಂದ ಯೋಜನೆಯಲ್ಲಿಯೂ ದುಡಿದ ಎಂಜಿನಿಯರ್. ಆತನ ಮುಂದಿದ್ದ ಮಾದರಿ ಮಧ್ಯಯುಗದ ಇಂಗ್ಲೆಂಡಿನ ಚರ್ಚು.

ಆ ಮಾದರಿ ಅರಳಿದ 13ನೆಯ ಶತಮಾನ ನಮ್ಮ ಹೊಯ್ಸಳರ ಕಾಲವೂ ಹೌದು. ನಮ್ಮ ಶಿಲ್ಪಿಗಳು ಕಂಬದ ಮೇಲೆ ತೊಲೆಯಿಟ್ಟರು; ಅಲ್ಲಿಯವರು ಮೊನಚು ಕಮಾನು ಕಟ್ಟಿ, ಅದು ಗೋಡೆಯನ್ನು ಹೊರಕ್ಕೆ ತಳ್ಳದಂತೆ ಹೊರಗಿನಿಂದ ಆನಿಕೆಗಂಬಗಳನ್ನು ಕೊಟ್ಟರು. ಆದರೆ ಒಳವಿನ್ಯಾಸ ನಮಗೆ ಅಪರಿಚಿತವಲ್ಲ. ಜನರು ನೆರೆಯುವ ನಡುಶಾಲೆ ನಮ್ಮ ನವರಂಗದಂತೆ. ಪೂರ್ವದ ತುದಿಯಲ್ಲಿ ಬಲಿಪೀಠವಿರುವ ಭಾಗ ಗರ್ಭಗುಡಿಯಂತೆ. ಇವೆರಡರ ನಡುವೆ ಜಾಲರಿ ಕೆತ್ತನೆಯ ಮರದ ತೆರೆ.

ಈ ತೆರೆ ಪೂಜೆಯ ಎಲ್ಲೆಯಷ್ಟೇ ಅಲ್ಲ, ಹೊಣೆಯ ಎಲ್ಲೆಯೂ ಆಗಿತ್ತು. ಬಲಿಪೀಠದ ಭಾಗದ ದುರಸ್ತಿ ಪಾದ್ರಿಯದು. ನಡುಶಾಲೆಯ ದುರಸ್ತಿ ಊರವರದು. ಊರವರು ತಮ್ಮೊಳಗಿಂದಲೇ ಆರಿಸಿದ ಪಾಲಕರು ಛಾವಣಿಯ ಸೀಸದ ಹಾಳೆ, ಗಂಟೆಯ ಹಗ್ಗಗಳ ಖರ್ಚನ್ನು ಲೆಕ್ಕವಿಡುತ್ತಿದ್ದರು. ಹಣ ಸಾಲದಿದ್ದಾಗ ಮದ್ಯ ಹುದುಗಿಸಿ, ಊರಹಬ್ಬ ನಡೆಸಿ, ಮಾರಿ ಬಂದುದನ್ನು ಚರ್ಚಿಗೆ ಕೊಡುತ್ತಿದ್ದರು! ಜನ ಹೆಚ್ಚಿದಾಗ ಪಕ್ಕದ ಸಾಲೊಂದು ಸೇರಿತು. ಹಳೆಯ ಕಿಂಡಿಯ ಜಾಗದಲ್ಲಿ ದೊಡ್ಡ ಕಿಟಕಿ ಬಂತು. ಹೀಗೆ ಹಳ್ಳಿಯ ಚರ್ಚು ತಲೆಮಾರುಗಳುದ್ದಕ್ಕೂ ಬೆಳೆಯಿತು. ಕೊಲಾಬಾದ್ದು ಸರ್ಕಾರದ ನೆರವು ಮತ್ತು ಸಾರ್ವಜನಿಕ ಚಂದಾದಿಂದ ಒಂದೇ ವಿನ್ಯಾಸದಂತೆ ಎದ್ದುನಿಂತ ದಂಡಿನ ಚರ್ಚು. ಇಲ್ಲಿಗೆ ರೂಪ ಬಂತು. ಆ ರೂಪವನ್ನು ಬೆಳೆಸಿದ ಊರು ಬರಲಿಲ್ಲ.

ಈ ಧರ್ಮ ಇಂಗ್ಲೆಂಡಿಗಷ್ಟೇ ಸೇರಿದುದಲ್ಲ. ನಮ್ಮ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಗುಡಿ ಕಟ್ಟಿಸಿದವರು, ಒಡೆದುದನ್ನೂ ಬಿರುಕುಬಿಟ್ಟುದನ್ನೂ ಸರಿಪಡಿಸುವುದಕ್ಕೆಂದು ಆಗಲೇ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು.

ಹೊರನಾಡಿನ ಕನ್ನಡ ಸಂಘಗಳು ಯೋಚಿಸಬೇಕಾದದ್ದು ಇಲ್ಲಿಯೇ. ಭವನ ಕಟ್ಟುವಾಗ ದಾನಿಗಳ ಹೆಸರಿನ ಅಮೃತಶಿಲೆಯ ಫಲಕಕ್ಕೆ ಗೋಡೆ ಸಾಲದು; ಕೆಲವು ಮಳೆಗಾಲಗಳ ತರುವಾಯ ಸೋರುವ ತಾರಸಿಗೆ ಹಣ ಕೇಳಿದರೆ ಸಭೆ ಮೌನ ತಾಳುತ್ತದೆ. ಬೆಂಗಳೂರಿನ ಅನುದಾನಕ್ಕೆ ಅರ್ಜಿ ಹಾಕುವುದು ತಪ್ಪಲ್ಲ. ಆದರೆ ಅನುದಾನದಿಂದ ಗೋಡೆ ಏಳುತ್ತದೆ, ಊರು ಏಳುವುದಿಲ್ಲ. ಪ್ರತಿ ಮನೆಯಿಂದ ಸಣ್ಣದಾದರೂ ತಪ್ಪದ ದುರಸ್ತಿ ನಿಧಿ ಬರಲಿ. ಅದರ ಲೆಕ್ಕಪುಸ್ತಕ ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳ ಕೈಯಲ್ಲಿರಲಿ. ಕನ್ನಡ ಓದಲು ತಡವರಿಸುವ ಮಗುವೂ ತಾನು ಕಾಯ್ದ ಸೂರನ್ನು ಪರರದೆನ್ನಲಾರದು.